ಶಾಲೆ–ಪೋಷಕರ ಸಂವಹನ

ಶಾಲೆ–ಪೋಷಕರ ಸಂವಹನ ಎಂದರೆ ಮಗುವಿನ ಹಾಜರಾತಿ, ಕಲಿಕೆ, ಆರೋಗ್ಯ ಹಾಗೂ ನಡವಳಿಕೆಯ ಕುರಿತು ಶಿಕ್ಷಕರೂ ಮನೆಯವರೂ ಪರಸ್ಪರ ತಿಳಿಸಿಕೊಳ್ಳುವ ವ್ಯವಸ್ಥೆ. ಪ್ರಗತಿ ಪತ್ರ, ಪೋಷಕರ ಸಭೆ, ಶಿಕ್ಷಕರ ಮನೆ ಭೇಟಿ, ದಿನಚರಿ ಪುಸ್ತಕ, ದೂರವಾಣಿ ಕರೆ ಮತ್ತು ವಾಟ್ಸ್ಆ್ಯಪ್ ಗುಂಪುಗಳು ಇದರ ಪ್ರಚಲಿತ ರೂಪಗಳು. ಭಾರತದಲ್ಲಿ ಇದು ಶಿಕ್ಷಕರ ಸೌಜನ್ಯಕ್ಕೆ ಬಿಟ್ಟ ವಿಷಯವಾಗಿ ಉಳಿದಿಲ್ಲ. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯು ಇದನ್ನು ಶಿಕ್ಷಕರ ಕರ್ತವ್ಯಗಳಲ್ಲಿ ಒಂದೆಂದು ವಿಧಿಸಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇದರ ಮುಖ್ಯ ವೇದಿಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ). ಈ ಲೇಖನವು ಪ್ರಧಾನವಾಗಿ ಕರ್ನಾಟಕದ ಅನುಭವವನ್ನು ವಿವರಿಸುತ್ತದೆ.

ಹಿನ್ನೆಲೆ

ಕೂಲಿಮಠಗಳ ಕಾಲದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಹೆಸರೇ ಬೇಕಿರಲಿಲ್ಲ. ಪಾಠ ಹೇಳುವ ಐಗಳು ಊರಿನಲ್ಲಿಯೇ ಇರುತ್ತಿದ್ದರು. ಮಕ್ಕಳ ಮನೆಯವರು ಕೊಡುವ ದವಸಧಾನ್ಯ ಅಥವಾ ಅಲ್ಪ ಹಣವೇ ಅವರ ಜೀವನಾಧಾರವಾಗಿತ್ತು. ಬಾರದ ಹುಡುಗನನ್ನು ಕರೆತರಲು ದೊಡ್ಡ ಹುಡುಗರನ್ನು ಅಟ್ಟುವುದು ಅಂದಿನ ರೂಢಿ. ಹುಡುಗ ಏಕೆ ಬಂದಿಲ್ಲ ಎಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿದಿರುತ್ತಿತ್ತು. ಆದರೆ ಈ ನಿಕಟತೆಯನ್ನು ಅತಿಯಾಗಿ ಹೊಗಳುವಂತಿಲ್ಲ. ಹೆಣ್ಣುಮಕ್ಕಳಿಗೂ ದಲಿತ ಮಕ್ಕಳಿಗೂ ಆ ಮಠದ ಜಗುಲಿ ಬಹುಮಟ್ಟಿಗೆ ಮುಚ್ಚಿತ್ತು; ಮಾತುಕತೆ ಇದ್ದದ್ದು ಒಳಗೆ ಬಂದವರ ಮನೆಗಳೊಂದಿಗೆ ಮಾತ್ರ.

ಸರ್ಕಾರಿ ಶಾಲೆಗಳು ಎಲ್ಲ ಮಕ್ಕಳಿಗೂ ಬಾಗಿಲು ತೆರೆದವು. ಅದರೊಂದಿಗೆ ಶಿಕ್ಷಕರ ಸಂಬಳ, ವರ್ಗಾವಣೆ, ತನಿಖೆ ಎಲ್ಲವೂ ಇಲಾಖೆಯ ಕೈಗೆ ಹೋದುದರಿಂದ ಶಿಕ್ಷಕರು ಉತ್ತರ ಹೇಳಬೇಕಾದದ್ದು ಮೇಲಧಿಕಾರಿಗಳಿಗೆ, ಊರಿಗಲ್ಲ ಎಂಬ ಸ್ಥಿತಿ ಬಂದಿತು. ಪಟ್ಟಣದಲ್ಲಿ ಮನೆ ಮಾಡಿ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುವ ಶಿಕ್ಷಕರ ಸಂಖ್ಯೆ ಹೆಚ್ಚಿದಂತೆ ಈ ಅಂತರವೂ ಹೆಚ್ಚಿತು.

ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರವು 2001ರಲ್ಲಿ ಎಸ್‌ಡಿಎಂಸಿಗಳನ್ನು ರಚಿಸಿತು. ಅದಕ್ಕೆ ಮೊದಲು ಇದ್ದ ಗ್ರಾಮ ಶಿಕ್ಷಣ ಸಮಿತಿಗಳಲ್ಲಿ ಊರಿನ ಪ್ರಮುಖರಿಗೆ ಹೆಚ್ಚಿನ ಸ್ಥಾನವಿತ್ತು. ಹೊಸ ಏರ್ಪಾಡಿನಲ್ಲಿ ಆ ಶಾಲೆಯ ಮಕ್ಕಳ ಪೋಷಕರೇ ತಮ್ಮೊಳಗಿಂದ ಪ್ರತಿನಿಧಿಗಳನ್ನು ಆರಿಸುವಂತಾಯಿತು. 2006ರಲ್ಲಿ ಮಾದರಿ ಉಪನಿಯಮಗಳ ಮೂಲಕ ಈ ಸಮಿತಿಗಳನ್ನು ಪಂಚಾಯತ್ ರಾಜ್ ವ್ಯವಸ್ಥೆಯೊಂದಿಗೆ ಜೋಡಿಸಲಾಯಿತು.

ಕಾನೂನಿನ ಚೌಕಟ್ಟು

ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ 21ನೆಯ ಪ್ರಕರಣದಂತೆ ಪ್ರತಿ ಶಾಲೆಯಲ್ಲಿ ಶಾಲಾ ನಿರ್ವಹಣಾ ಸಮಿತಿ ಇರಬೇಕು. ಸದಸ್ಯರಲ್ಲಿ ಕನಿಷ್ಠ ನಾಲ್ಕನೆಯ ಮೂರು ಭಾಗ ತಂದೆತಾಯಿ ಅಥವಾ ಪಾಲಕರಾಗಿರಬೇಕು ಮತ್ತು ಶೇಕಡಾ 50ರಷ್ಟು ಮಹಿಳೆಯರಿರಬೇಕು. ಕರ್ನಾಟಕದಲ್ಲಿ ಎಸ್‌ಡಿಎಂಸಿಯೇ ಈ ಸಮಿತಿಯ ಕೆಲಸವನ್ನು ನಿರ್ವಹಿಸುತ್ತದೆ. 22ನೆಯ ಪ್ರಕರಣವು ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನು ಸಮಿತಿಗೆ ಕೊಟ್ಟಿದೆ.

ಸಮಿತಿಯ ಕುರಿತು ಚರ್ಚೆ ಬಹಳ ನಡೆದಿದೆ. 24ನೆಯ ಪ್ರಕರಣವು ಅಷ್ಟು ಗಮನ ಸೆಳೆದಿಲ್ಲ. ಶಿಕ್ಷಕರು ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಬೇಕು. ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಮತ್ತು ಇತರ ಸಂಬಂಧಿತ ವಿಷಯಗಳನ್ನು ಅವರಿಗೆ ತಿಳಿಸಬೇಕು ಎಂದು ಅದು ಹೇಳುತ್ತದೆ. ಸಮಿತಿಗೆ ಆಯ್ಕೆಯಾಗದ ಪೋಷಕರೂ ಈ ನಿಯಮದ ವ್ಯಾಪ್ತಿಗೆ ಬರುತ್ತಾರೆ. ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದರೆ ಸಮಿತಿಯ ರಚನೆಗಿಂತ ಈ ನಿಯಮವೇ ಮುಖ್ಯವಾದುದು.

ಪೋಷಕರ ಸಭೆ

ಸಭೆಯ ಯಶಸ್ಸು ಬಹುಪಾಲು ಅದರ ದಿನ ಮತ್ತು ವೇಳೆಯನ್ನು ಅವಲಂಬಿಸಿದೆ. ಬಿತ್ತನೆ ಅಥವಾ ಕೊಯ್ಲಿನ ದಿನಗಳಲ್ಲಿ, ಕೆಲಸದ ವೇಳೆ ಹನ್ನೊಂದು ಗಂಟೆಗೆ ಕರೆದ ಸಭೆಗೆ ಬರಬೇಕಾದರೆ ಕೂಲಿ ಮಾಡುವ ತಾಯಿಯು ಒಂದು ದಿನದ ಕೂಲಿಯನ್ನು ಬಿಡಬೇಕು. ಅಂಥವರು ಬಾರದಿದ್ದಾಗ ‘ಪೋಷಕರಿಗೆ ಆಸಕ್ತಿಯಿಲ್ಲ’ ಎಂದು ನಡಾವಳಿ ಪುಸ್ತಕದಲ್ಲಿ ಬರೆಯುವುದು ಸುಲಭ, ನ್ಯಾಯವಲ್ಲ. ಸಂತೆಯ ದಿನವನ್ನು ತಪ್ಪಿಸಿ, ಸಂಜೆ ಕೆಲಸ ಮುಗಿದ ಮೇಲೆ, ಅಥವಾ ಸ್ವಾತಂತ್ರ್ಯೋತ್ಸವ, ಪ್ರತಿಭಾ ಕಾರಂಜಿಯಂತಹ ಸಂದರ್ಭಗಳಿಗೆ ಹೊಂದಿಸಿ ಸಭೆ ಕರೆದರೆ ಹಾಜರಾತಿ ಹೆಚ್ಚುತ್ತದೆ. ತನ್ನ ಮಗು ಹಾಡುವುದನ್ನು ನೋಡಲು ಬಂದ ತಾಯಿ ಅದರ ಲೆಕ್ಕದ ತೊಂದರೆಯನ್ನೂ ಕೇಳಿಸಿಕೊಳ್ಳುತ್ತಾಳೆ.

ಎಲ್ಲರ ಮುಂದೆ ಅಂಕಗಳನ್ನು ಓದುವುದು ಹಳೆಯ ಪದ್ಧತಿ. ಇದರಿಂದ ಹಿಂದುಳಿದ ಮಗುವಿನ ಪೋಷಕರು ಮುಂದಿನ ಸಭೆಗೆ ಬರುವುದನ್ನೇ ಬಿಡುತ್ತಾರೆ. ಯಾರೊಡನೆ ಮಾತನಾಡುವ ಅಗತ್ಯ ಹೆಚ್ಚಿತ್ತೋ ಅವರೇ ಕೈತಪ್ಪುತ್ತಾರೆ. ಪ್ರತಿಯೊಬ್ಬರೊಂದಿಗೆ ಐದು ನಿಮಿಷ ಪ್ರತ್ಯೇಕವಾಗಿ ಕುಳಿತು, ಮಗುವಿನ ನೋಟ್‌ಪುಸ್ತಕವನ್ನು ತೆರೆದಿಟ್ಟು ಮಾತನಾಡುವುದು ಹೆಚ್ಚು ಫಲಕಾರಿ. ಕರ್ನಾಟಕದಲ್ಲಿ ನಡೆದ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮವು ಮಕ್ಕಳ ಕಲಿಕೆಯನ್ನು ಪೋಷಕರ ಮುಂದಿಡುವ ಉದ್ದೇಶ ಹೊಂದಿತ್ತು. ದೆಹಲಿ ಸರ್ಕಾರವು 2016ರ ಜುಲೈನಲ್ಲಿ ತನ್ನ ಎಲ್ಲ ಶಾಲೆಗಳಲ್ಲಿ ಒಂದೇ ದಿನ ಬೃಹತ್ ಪೋಷಕರ ಸಭೆಯನ್ನು ಏರ್ಪಡಿಸಿತು.

ಪ್ರಗತಿ ಪತ್ರ ಮತ್ತು ಕಲಿಕಾ ಏಣಿ

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯಲ್ಲಿ ಕರ್ನಾಟಕದ ಶಾಲೆಗಳು ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳನ್ನು ನಡೆಸುತ್ತವೆ. ಇವುಗಳ ಫಲಿತಾಂಶ ಶ್ರೇಣಿಗಳ ರೂಪದಲ್ಲಿ ಪ್ರಗತಿ ಪತ್ರಕ್ಕೆ ಬರುತ್ತದೆ. ಈ ಪಾರಿಭಾಷಿಕ ಪದಗಳು ಶಿಕ್ಷಕರಿಗೇ ರೂಢಿಯಾಗಲು ಕಾಲ ಹಿಡಿಯಿತು. ‘ಬಿ’ ಶ್ರೇಣಿ ಎಂದರೆ ತಮ್ಮ ಮಗಳು ಕನ್ನಡ ಪತ್ರಿಕೆಯನ್ನು ಓದಬಲ್ಲಳೇ ಇಲ್ಲವೇ ಎಂಬುದು ಪೋಷಕರಿಗೆ ತಿಳಿಯುವುದಿಲ್ಲ. ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಬಿದ್ದ ಪತ್ರ ಶಾಲೆಗೆ ಮರಳಿದರೆ ವಿಷಯ ತಲುಪಿತೆಂದು ಭಾವಿಸಲಾಗುತ್ತದೆ. ಕೆಲವು ಮನೆಗಳಲ್ಲಿ ಪತ್ರವನ್ನು ಓದಿ ಹೇಳುವವನು ಸ್ವತಃ ಆ ವಿದ್ಯಾರ್ಥಿಯೇ ಆಗಿರುವುದರಿಂದ, ಅವನು ಏನನ್ನು ಓದುತ್ತಾನೆ, ಏನನ್ನು ಬಿಡುತ್ತಾನೆ ಎಂಬುದು ಅವನ ಇಚ್ಛೆಗೆ ಬಿಟ್ಟದ್ದು.

ಇದಕ್ಕೆ ಹೋಲಿಸಿದರೆ ನಲಿ–ಕಲಿ ಪದ್ಧತಿಯ ಕಲಿಕಾ ಏಣಿ ಸರಳವಾಗಿದೆ. ಆಂಧ್ರಪ್ರದೇಶದ ಋಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ವಿಂಗಡಿಸಿ ಚಿತ್ರಗಳಿಂದ ಗುರುತಿಸಲಾಗುತ್ತದೆ. ಏಣಿ ತರಗತಿಯ ಗೋಡೆಯ ಮೇಲಿರುತ್ತದೆ. ಅಕ್ಷರ ಬಾರದ ತಂದೆಗೂ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು.

ಮನೆ ಭೇಟಿ

ಮಗು ಕೆಲವು ದಿನ ಬಾರದಿದ್ದಾಗ ಶಿಕ್ಷಕರು ಮನೆಗೆ ಹೋಗುವುದು ಅತ್ಯಂತ ಹಳೆಯ, ಇಂದಿಗೂ ಅತ್ಯಂತ ಪರಿಣಾಮಕಾರಿಯಾದ ಕ್ರಮ. ಶಾಲೆಗೆ ಗೊತ್ತಿಲ್ಲದ ಸಂಗತಿಗಳು ಅಲ್ಲಿ ತಿಳಿಯುತ್ತವೆ: ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಹುಡುಗಿ ತಮ್ಮನನ್ನು ನೋಡಿಕೊಳ್ಳುತ್ತಿದ್ದಾಳೆ, ಹುಡುಗ ಗ್ಯಾರೇಜಿಗೆ ಸೇರಿದ್ದಾನೆ, ಅಥವಾ ತರಗತಿಯಲ್ಲಿ ಬಿದ್ದ ಪೆಟ್ಟಿಗೆ ಹೆದರಿದ್ದಾನೆ. ಪ್ರೌಢಶಾಲೆಯ ಹುಡುಗಿಯ ದೀರ್ಘ ಗೈರುಹಾಜರಿಯ ಹಿಂದೆ ಮದುವೆಯ ಸಿದ್ಧತೆ ಇರುವುದೂ ಉಂಟು. ಮಾತುಕತೆಯಿಂದ ನಿಲ್ಲಬಹುದಾದ ಬಾಲ್ಯವಿವಾಹವು ಲಗ್ನಪತ್ರಿಕೆ ಹಂಚಿದ ಮೇಲೆ ಪೊಲೀಸರು ಬಂದರೂ ನಿಲ್ಲುವುದು ಕಷ್ಟ. ಇಂತಹ ಸಂದರ್ಭಗಳಲ್ಲಿ ಮಗುವೇ, ಅಥವಾ ಅದರ ಗೆಳತಿಯರು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ ಮೊಬೈಲ್ ಇಲ್ಲದ ಮಕ್ಕಳನ್ನು ತಲುಪಲು ಕರ್ನಾಟಕದಲ್ಲಿ 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಯೋಜನೆ ಆರಂಭವಾಯಿತು. ಶಿಕ್ಷಕರು ದೇವಸ್ಥಾನದ ಅಂಗಳ, ಸಮುದಾಯ ಭವನ, ಮರದ ನೆರಳುಗಳಲ್ಲಿ ಚಿಕ್ಕ ಗುಂಪುಗಳಿಗೆ ಪಾಠ ಮಾಡಿದರು. ಸೋಂಕು ತಗುಲಿದ ಪ್ರಕರಣಗಳ ಬಳಿಕ ಅಕ್ಟೋಬರಿನಲ್ಲಿ ಇದನ್ನು ಸ್ಥಗಿತಗೊಳಿಸಿ, 2021ರ ಜನವರಿಯಲ್ಲಿ ಬದಲಾದ ರೂಪದಲ್ಲಿ ಮತ್ತೆ ತರಲಾಯಿತು. ಸೋಂಕಿನ ಅಪಾಯದ ಬಗ್ಗೆ ಬಂದ ಟೀಕೆ ಸಕಾರಣವಾದುದು. ಆದರೂ ಬಹುಕಾಲದ ನಂತರ ಶಾಲೆಯೇ ಮನೆಗಳ ಬಳಿಗೆ ನಡೆದು ಬಂದ ಪ್ರಸಂಗವಿದು.

ಭಾಷೆ ಮತ್ತು ವಲಸೆ

ಕರ್ನಾಟಕದ ಮನೆಗಳಲ್ಲಿ ಕನ್ನಡವಲ್ಲದೆ ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮುಂತಾದ ಮಾತುಗಳಿವೆ. ಇಂಗ್ಲಿಷ್ ಮಾಧ್ಯಮದ ಶಾಲೆಗಳು ಕನ್ನಡ ಮಾತ್ರ ಓದಬಲ್ಲ ಪೋಷಕರಿಗೂ ಇಂಗ್ಲಿಷಿನಲ್ಲೇ ಸುತ್ತೋಲೆ ಕಳುಹಿಸುವುದುಂಟು. ಅರ್ಥವಾಗಲಿಲ್ಲವೆಂದು ಹೇಳಲು ಪೋಷಕರಿಗೆ ಸಂಕೋಚ. ಕೇಳಿದರೆ ಮಗುವಿನ ಮರ್ಯಾದೆ ಹೋದೀತೆಂಬ ಅಂಜಿಕೆ.

ರಾಯಚೂರು, ಯಾದಗಿರಿ, ಕಲಬುರಗಿ ಮೊದಲಾದ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಹೋಗುವ ಮುನ್ನ ಹೇಳಿದರೆ ಹೆಸರು ತೆಗೆದಾರೆಂಬ ಭಯದಿಂದ ಪೋಷಕರು ತಿಳಿಸದೆ ಹೊರಡುತ್ತಾರೆ. ಹೋದ ಊರಿನಲ್ಲಿ ವರ್ಗಾವಣೆ ಪತ್ರವಿಲ್ಲವೆಂದು ಶಾಲೆಗೆ ಸೇರಿಸುವುದೇ ಇಲ್ಲ. ವಾಸ್ತವದಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಪ್ರಕರಣದ ಪ್ರಕಾರ ವರ್ಗಾವಣೆ ಪತ್ರ ತಡವಾದುದನ್ನು ಕಾರಣವಾಗಿಟ್ಟುಕೊಂಡು ಪ್ರವೇಶವನ್ನು ನಿರಾಕರಿಸುವಂತಿಲ್ಲ. ಈ ಒಂದು ವಾಕ್ಯವನ್ನು ಗುಳೆಯ ಋತುವಿಗೆ ಮೊದಲು ಪೋಷಕರ ಸಭೆಯಲ್ಲಿ ಓದಿ ಹೇಳಿದರೆ ಎಷ್ಟೋ ಮಕ್ಕಳ ವರ್ಷ ಉಳಿದೀತು.

ಮೊಬೈಲ್ ಗುಂಪುಗಳು

ವಾಟ್ಸ್ಆ್ಯಪ್ ಗುಂಪುಗಳು ಈಗ ದಿನಚರಿ ಪುಸ್ತಕದ ಸ್ಥಾನವನ್ನು ಆಕ್ರಮಿಸಿವೆ. ಓದು ಬಾರದವರಿಗೆ ಧ್ವನಿ ಸಂದೇಶ ಉಪಯುಕ್ತ. ಮನೆಯಲ್ಲಿರುವ ಒಂದೇ ಫೋನು ದುಡಿಯಲು ಹೋದ ತಂದೆಯ ಕಿಸೆಯಲ್ಲಿದ್ದರೆ ಸಂದೇಶ ತಾಯಿಗೆ ಮುಟ್ಟುವುದಿಲ್ಲ. ಒಂದು ಮಗುವಿನ ಅಂಕ, ತಪ್ಪು ಅಥವಾ ಬಾಕಿ ಶುಲ್ಕವನ್ನು ಗುಂಪಿನಲ್ಲಿ ಪ್ರಕಟಿಸುವುದು ಅನುಚಿತ.

ಮಿತಿಗಳು ಮತ್ತು ಟೀಕೆ

ಎಸ್‌ಡಿಎಂಸಿ ಸಭೆಗಳಲ್ಲಿ ಕೊಠಡಿ, ಕಾಂಪೌಂಡು, ಶೌಚಾಲಯ, ಬಿಸಿಯೂಟದ ವಿಷಯಗಳೇ ಹೆಚ್ಚು ಸಮಯ ತೆಗೆದುಕೊಂಡು ಕಲಿಕೆಯ ಮಾತು ಕೊನೆಗೆ ಉಳಿಯುತ್ತದೆ ಎಂಬುದು ಸಾಮಾನ್ಯ ಆಕ್ಷೇಪ. ಅಧ್ಯಕ್ಷ ಸ್ಥಾನಕ್ಕೆ ಊರಿನ ರಾಜಕೀಯ ನುಸುಳುವುದು, ಪಟ್ಟಿಯಲ್ಲಿ ತಾಯಿಯ ಹೆಸರಿದ್ದು ಸಭೆಗೆ ಗಂಡ ಬರುವುದು ಕೂಡ ಕಂಡುಬಂದಿವೆ. ಇನ್ನೊಂದೆಡೆ, ಜನಗಣತಿ, ಚುನಾವಣೆ ಕೆಲಸ, ದಾಖಲೆಗಳ ಭಾರ ಹೊತ್ತ ಏಕೋಪಾಧ್ಯಾಯ ಶಾಲೆಯ ಶಿಕ್ಷಕರಿಂದ ನಿಯತವಾದ ಮನೆ ಭೇಟಿಯನ್ನು ನಿರೀಕ್ಷಿಸುವುದು ವಾಸ್ತವಕ್ಕೆ ದೂರವಾದುದು.

ಅನುದಾನರಹಿತ ಖಾಸಗಿ ಶಾಲೆಗಳಿಗೆ 21ನೆಯ ಪ್ರಕರಣ ಅನ್ವಯಿಸುವುದಿಲ್ಲ. ಅನುದಾನಿತ ಶಾಲೆಗಳಲ್ಲಿ ಸಮಿತಿಯ ಪಾತ್ರ 2012ರ ತಿದ್ದುಪಡಿಯ ನಂತರ ಸಲಹೆ ನೀಡುವುದಕ್ಕೆ ಸೀಮಿತವಾಗಿದೆ. ಹೀಗಾಗಿ ಹೆಚ್ಚು ಶುಲ್ಕ ಕೊಡುವ ಪೋಷಕರಿಗೆ ಶಾಲೆಯ ಆಡಳಿತದಲ್ಲಿ ಇರುವ ಶಾಸನಬದ್ಧ ಧ್ವನಿಯು, ಶುಲ್ಕವಿಲ್ಲದ ಸರ್ಕಾರಿ ಶಾಲೆಯ ಪೋಷಕರಿಗೆ ಇರುವುದಕ್ಕಿಂತ ಕಡಿಮೆ.