ಆಪರೇಷನ್‌ಗೆ ಕಾರ್ಡು, ಮಾತ್ರೆಗೆ ಕೈಸಾಲ

ಕಾಯಿಲೆಯ ಖರ್ಚು ಎಂದೊಡನೆ ನಮಗೆ ನೆನಪಾಗುವುದು ಆಪರೇಷನ್, ವಾರ್ಡಿನ ಮಂಚ, ಲಕ್ಷ ದಾಟುವ ಬಿಲ್ಲು. ತಿಂಗಳು ತಿಂಗಳೂ ಮೆಡಿಕಲ್ ಶಾಪಿಗೆ ಹೋಗುವ ಸಣ್ಣ ಚೀಟಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಬಂದವರಿಗೆ ಸಾಮಾನ್ಯವಾಗಿ ಬದುಕಿರುವಷ್ಟು ದಿನವೂ ಮಾತ್ರೆ ಬೇಕು. ಆದರೆ ನಮ್ಮ ಸರಕಾರಗಳು ಬಡವನ ಆಪರೇಷನ್ನಿಗೆ ಕಾರ್ಡು ಕೊಟ್ಟಷ್ಟು ಬೇಗ ಮಾತ್ರೆಯ ಹೊಣೆ ಹೊರಲಿಲ್ಲ. ಇದು ಹೇಗಾಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಕಾಲದಲ್ಲಿ ಮನೆಯನ್ನೇ ತಿನ್ನುವ ಕಾಯಿಲೆಯೆಂದರೆ ಕ್ಷಯ. ದುಡಿಯುವವನು ತಿಂಗಳುಗಟ್ಟಲೆ ಸ್ಯಾನಿಟೋರಿಯಂ ಸೇರಿದರೆ ಹಿಂದೆ ಉಳಿದವರ ಒಲೆ ಆರುತ್ತಿತ್ತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಅಧ್ಯಯನವೊಂದು ಈ ಪದ್ಧತಿಯನ್ನೇ ಬದಲಿಸಿತು. ಇಕ್ಕಟ್ಟಾದ ಮನೆಯಲ್ಲಿದ್ದುಕೊಂಡೇ ಔಷಧಿ ತೆಗೆದುಕೊಂಡ ಬಡ ರೋಗಿಗಳೂ ಸ್ಯಾನಿಟೋರಿಯಂನಲ್ಲಿದ್ದವರಂತೆಯೇ ಗುಣವಾದರು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅದರ ಸಮೀಕ್ಷಕರು ನಮ್ಮ ನೆರೆಯ ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತಿದರು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಬಂತು. ಕ್ಷಯದ ಔಷಧಿಯನ್ನು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡತೊಡಗಿದರು. ಮಾತ್ರೆಯನ್ನು ಬಡವನ ಮನೆಯ ಹತ್ತಿರಕ್ಕೆ ತರಬಹುದೆಂಬುದು ಅಂದೇ ನಮಗೆ ಗೊತ್ತಿತ್ತು. ಆದರೆ ಕ್ಷಯ ಅಂಟುರೋಗ. ಬಡವನ ಕೆಮ್ಮು ಸಾಹುಕಾರನಿಗೂ ತಗಲುತ್ತದೆ. ಸಕ್ಕರೆ ಕಾಯಿಲೆ ತಗಲುವುದಿಲ್ಲ. ಅದಕ್ಕೇ ಇರಬೇಕು, ಅದು ಆಯಾ ಮನೆಯವರ ಪಾಡಾಗಿಯೇ ಉಳಿಯಿತು.

2003ರಲ್ಲಿ ಸಹಕಾರಿ ರೈತರಿಗೆಂದು ಯಶಸ್ವಿನಿ ಯೋಜನೆ ಜಾರಿಗೆ ಬಂತು. ತಿಂಗಳಿಗೆ 5 ರೂಪಾಯಿ ಕಟ್ಟಿದವನಿಗೆ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ! ಅದು ಎಷ್ಟೋ ಜೀವಗಳನ್ನು ಉಳಿಸಿತು, ಸಂದೇಹವಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಭರವಸೆ ಕೊಟ್ಟಿತು. ಆದರೆ ಇವೆರಡೂ ಮುಖ್ಯವಾಗಿ ಆಸ್ಪತ್ರೆ ಸೇರಿದವರಿಗಾಗಿ ಇರುವ ಯೋಜನೆಗಳು. ಮನೆಯಲ್ಲಿ ಕುಳಿತು ಮಾತ್ರೆ ನುಂಗುವವನಿಗೆ ಇವು ಒದಗುವುದು ಕಿಡ್ನಿ ಕೈಕೊಟ್ಟ ಮೇಲೆ, ಎದೆ ಹಿಡಿದ ಮೇಲೆ.

2006ರಲ್ಲಿ ಹಾಸನದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಸುತ್ತಲಿನ ತಾಲ್ಲೂಕುಗಳವರು ಎಲ್ಲಕ್ಕೂ ಮೈಸೂರಿಗೆ ಓಡುವುದು ತಪ್ಪಿತು. 2023ರಿಂದ ಹೆಂಗಸರಿಗೆ ಬಸ್ಸು ಉಚಿತ. ಆದರೂ ಅರಕಲಗೂಡಿನಿಂದಲೋ ಚನ್ನರಾಯಪಟ್ಟಣದಿಂದಲೋ ಬಂದು ಸಾಲಿನಲ್ಲಿ ನಿಂತರೆ ಅಂದಿನ ಕೂಲಿ ಹೋದಂತೆಯೇ. ಜೊತೆಗೆ ಬಂದವರ ಕೂಲಿಯೂ ಹೋಯಿತು. ಅರಕಲಗೂಡಿನ ತಂಬಾಕಾಗಲಿ, ಹಾಸನದ ಆಲೂಗೆಡ್ಡೆಯಾಗಲಿ, ಹೊಳೆನರಸೀಪುರದ ನಾಲೆ ಬಯಲಿನ ಭತ್ತವಾಗಲಿ, ದುಡ್ಡು ಕೊಡುವುದು ಬೆಳೆಗೊಮ್ಮೆ. ಮಾತ್ರೆ ಬೇಕಾಗುವುದು ದಿನವೂ. ನಡುವಿನ ತಿಂಗಳುಗಳನ್ನು ಕೈಸಾಲ, ಸಂಘದ ಸಾಲ, ಗಿರವಿ ಇಟ್ಟ ಓಲೆಗಳು ತುಂಬುತ್ತವೆ. ಅದೂ ಮುಗಿದಾಗ ಒಂದು ದಿನದ ಮಾತ್ರೆಯನ್ನು ಎರಡು ದಿನಕ್ಕೆ ಹಂಚಿಕೊಳ್ಳುವವಳು ಹೆಚ್ಚಾಗಿ ಮನೆಯ ಹೆಂಗಸೇ.

ಇದು ಬರೀ ಕಥೆಗಾರರ ಮಾತಲ್ಲ. ಬೆಂಗಳೂರಿನ ಕಾಡುಗೊಂಡನಹಳ್ಳಿಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ದೀರ್ಘಕಾಲದ ಕಾಯಿಲೆಯಿರುವ ಮನೆಗಳ ಲೆಕ್ಕ ತೆಗೆಯಿತು. ಆಸ್ಪತ್ರೆಗೆ ದಾಖಲಾಗದೆ ಪಡೆದ ಚಿಕಿತ್ಸೆಗೇ 16 ಶೇಕಡಾ ಮನೆಗಳು ಆದಾಯದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿದ್ದವು. ಈ ಖರ್ಚನ್ನು ಕಳೆದು ನೋಡಿದರೆ ಬಡತನದ ರೇಖೆಯ ಕೆಳಗಿರುವವರ ಸಂಖ್ಯೆ ಒಂದೇ ತಿಂಗಳಲ್ಲಿ ಇಮ್ಮಡಿಯಾಗುತ್ತಿತ್ತು.

2025ರ ಮೇ-ಜೂನ್‌ನಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಹಾಸನ ಜಿಲ್ಲೆಯನ್ನು ನಡುಗಿಸಿತು. ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸಾವಿನ ಪ್ರಮಾಣ ಅಸಹಜವಾಗಿ ಏರಿಲ್ಲವೆಂದು ತಜ್ಞರ ಸಮಿತಿ ಹೇಳಿತು. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರೂ ಇದ್ದರು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರೂ ಇದ್ದರು. ಸುದ್ದಿ ಹಳೆಯದಾದಂತೆ ಭಯ ಇಳಿಯಿತು, ಚೀಟಿ ಉಳಿಯಿತು.

ಮನೆಬಾಗಿಲಲ್ಲೇ ತಪಾಸಣೆ ಮಾಡಿ ಉಚಿತ ಮಾತ್ರೆ ಕೊಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ 2025ರಲ್ಲಿ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಕ್ಷಯಕ್ಕೆ 1962ರಲ್ಲಿ ಸಿಕ್ಕ ನ್ಯಾಯ ಸಕ್ಕರೆ ಕಾಯಿಲೆಗೆ ಸಿಗತೊಡಗಲು ಅರುವತ್ತು ವರ್ಷ ಬೇಕಾಯಿತು. ಆ ಮಾತ್ರೆ ಪ್ರತಿ ತಿಂಗಳೂ ತಪ್ಪದೆ ಬರುತ್ತಿದೆಯೇ ಎಂದು ಕೇಳುತ್ತಿರುವುದು ನಮ್ಮ ಕೆಲಸ.

ನಮ್ಮ ದಾನಕ್ಕೂ ಇದೇ ರೋಗವಿದೆ. ಜುಮಾ ನಮಾಝಿನ ನಂತರ ಯಾರದೋ ಆಪರೇಷನ್ನಿಗೆಂದು ಟವೆಲ್ ಹಾಸಿದರೆ ನೋಟುಗಳು ಬೀಳುತ್ತವೆ. ಮಾತ್ರೆಗೆಂದು ಯಾರೂ ಟವೆಲ್ ಹಾಸುವುದಿಲ್ಲ. ಜಮಾಅತ್ ಇರಲಿ, ಯುವಕ ಸಂಘವಿರಲಿ, ಸ್ತ್ರೀಶಕ್ತಿ ಸಂಘವಿರಲಿ, ತನ್ನ ಬೀದಿಯ ನಾಲ್ಕು ಮನೆಗಳ ಚೀಟಿಯನ್ನು ವರ್ಷವಿಡೀ ವಹಿಸಿಕೊಂಡರೆ ಆಪರೇಷನ್ನಿನ ಟವೆಲ್ಲನ್ನು ಅಷ್ಟು ಸಲ ಹಾಸಬೇಕಾಗಿ ಬರಲಿಕ್ಕಿಲ್ಲ.