ಮುಡುಕುತೊರೆಯ ಮಂಟಪ ಮತ್ತು ನೆಲೆಯಿಲ್ಲದವರ ಚರಿತ್ರೆ

ತಲಕಾಡಿನ ಸಮೀಪ ಕಾವೇರಿಯು ಬಾಗಿ ಹರಿಯುವೆಡೆಯಲ್ಲಿ ಮುಡುಕುತೊರೆಯ ಬೆಟ್ಟವಿದೆ. ಅಲ್ಲಿನ ಮಲ್ಲಿಕಾರ್ಜುನಸ್ವಾಮಿ ಪಂಚಲಿಂಗಗಳಲ್ಲೊಂದು. ಮಾಘಮಾಸದ ರಥೋತ್ಸವ, ದನಗಳ ಜಾತ್ರೆ, 1993, 2006, 2009, 2013ರ ಪಂಚಲಿಂಗ ದರ್ಶನಗಳು ಈ ಕ್ಷೇತ್ರಕ್ಕೆ ಅಪಾರ ಜನರನ್ನು ಸೆಳೆದಿವೆ. ಇಂತಹ ಕ್ಷೇತ್ರಗಳ ಚರಿತ್ರೆಯನ್ನು ಶಾಸನ, ಶಿಲ್ಪ, ರಾಜಾಶ್ರಯಗಳ ನೆಲೆಯಲ್ಲಿ ನಿರೂಪಿಸುವುದು ವಾಡಿಕೆ. ಜಾತ್ರೆ ಕಳೆದ ಮೇಲೆ ಮರಳಲು ಮನೆಯಿಲ್ಲದವರು ಆ ನಿರೂಪಣೆಯೊಳಗೆ ಬರುವುದು ವಿರಳ.

ಈ ಸೀಮೆಯಲ್ಲಿ ಭಿಕ್ಷೆ ಅವಮಾನದ ಮಾತಾಗಿರಲಿಲ್ಲ. ಮಲೆಯ ಮಹದೇಶ್ವರನ ದೇವರಗುಡ್ಡರು ಕಂಸಾಳೆ ಹಿಡಿದು, ಮಂಟೇಸ್ವಾಮಿಯ ನೀಲಗಾರರು ತಂಬೂರಿ ಹಿಡಿದು ಮನೆಮನೆಗೆ ಬಂದರೆ ಅದು ದೀಕ್ಷೆಯ ಕರ್ತವ್ಯವೆಂದೇ ಭಾವಿಸಲಾಗಿತ್ತು. ಗುಡ್ಡನಿಗೆ ಊರು, ಒಕ್ಕಲು ಉಂಟು. ಮಂಟಪದಲ್ಲಿ ಮಲಗುವ ಅನಾಥನಿಗೆ ಅವೆರಡೂ ಇಲ್ಲ. ಆದರೂ ನೀಡುವ ಕೈ ಇಬ್ಬರಲ್ಲಿ ಭೇದವೆಣಿಸುತ್ತಿರಲಿಲ್ಲ.

ಭೇದವನ್ನು ತಂದುದು ಕಾನೂನು. ಮೈಸೂರು ಸಂಸ್ಥಾನದ 1944ರ ಭಿಕ್ಷಾಟನೆ ನಿಷೇಧ ಕಾಯಿದೆ ಮತ್ತು ಅದರ ಮುಂದುವರಿಕೆಯಾದ 1975ರ ಕರ್ನಾಟಕ ಕಾಯಿದೆಗಳು ಬೇಡುವುದನ್ನು ನಿಷೇಧಿಸಿ, ಬೇಡುವವರನ್ನು ಹಿಡಿದು ಪರಿಹಾರ ಕೇಂದ್ರದಲ್ಲಿರಿಸುವ ಅಧಿಕಾರವನ್ನು ನೀಡಿದವು. ದೇವಾಲಯದ ಮೆಟ್ಟಿಲ ಮೇಲೆ ಪುಣ್ಯವಾಗಿದ್ದ ವ್ಯವಹಾರ ಹೀಗೆ ಅಪರಾಧವಾಯಿತು. ಇದರ ವೆಚ್ಚಕ್ಕಾಗಿ ಸ್ಥಳೀಯ ಸಂಸ್ಥೆಗಳು ಆಸ್ತಿತೆರಿಗೆಯೊಡನೆ ಶೇಕಡ 3ರ ಉಪಕರವನ್ನು ವಸೂಲು ಮಾಡತೊಡಗಿದವು. ದಾನ ಕರವಾಯಿತು, ಕೊಡುವವನು ಪಡೆಯುವವನ ಮುಖವನ್ನು ಕಾಣದಾದನು. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಅನೇಕರು ಸಾವಿಗೀಡಾದಾಗ ಆ ಮುಖಗಳು ನಾಡಿನ ಗಮನಕ್ಕೆ ಬಂದವು.

ಈ ಪ್ರಕ್ರಿಯೆ ಇಲ್ಲಿಗೆ ಮಾತ್ರ ಸೀಮಿತವಲ್ಲ. ಸಮಾಜವಾದಿ ರಷ್ಯದಲ್ಲೂ ಅಲೆಮಾರಿತನ ದಂಡನಾರ್ಹವಾಗಿತ್ತು. ‘ನಿಶ್ಚಿತ ವಾಸಸ್ಥಳವಿಲ್ಲದವನು’ ಎಂಬ ಪೊಲೀಸ್ ದಾಖಲೆಯ ಸಂಕ್ಷಿಪ್ತ ರೂಪವಾದ ‘ಬೋಮ್ಜ್’, 1991ರ ತರುವಾಯ ಅಲ್ಲಿನ ನಗರಗಳ ಅಂಚಿನಲ್ಲಿ ಬದುಕುವವರ ಹೆಸರಾಗಿಯೇ ಉಳಿಯಿತು.

ಭಾರತದ ಜನಗಣತಿ ಮಾತ್ರ ಬಯಲು, ರಸ್ತೆಬದಿಗಳೊಡನೆ ಪೂಜಾಸ್ಥಳ, ಮಂಟಪಗಳಲ್ಲಿ ವಾಸಿಸುವವರನ್ನೂ ವಸತಿರಹಿತರೆಂದು ಎಣಿಸುತ್ತದೆ. 2011ರ ಫೆಬ್ರವರಿ 28ರ ರಾತ್ರಿ ನಡೆದ ಎಣಿಕೆಯಲ್ಲಿ ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ದಾಖಲಾದರು. ಆದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಆಶ್ರಯಧಾಮಗಳು ನಗರಗಳಿಗಷ್ಟೇ ಮೀಸಲಾದವು. ಗಣತಿಯ ವ್ಯಾಖ್ಯೆ ಮುಡುಕುತೊರೆಯಂತಹ ಗ್ರಾಮದ ಮಂಟಪವನ್ನು ಒಳಗೊಂಡರೂ ಆಶ್ರಯದ ಯೋಜನೆ ನಗರದ ಗಡಿಯಲ್ಲೇ ನಿಂತಿತು. ಕ್ಷೇತ್ರಗಳ ಸಾಮಾಜಿಕ ಚರಿತ್ರೆಯನ್ನು ರಚಿಸುವಾಗ ದೇವಾಲಯದ ಗರ್ಭಗುಡಿಯಷ್ಟೇ ಅದರ ಮಂಟಪವೂ ಆಕರವಾಗಬೇಕಾದ ಅಗತ್ಯ ಇಲ್ಲಿ ಸ್ಪಷ್ಟವಾಗುತ್ತದೆ.