ತುರ್ತು ಚೀಲದಲ್ಲಿ ಏನಿರಬೇಕು? ಮಳೆಗಾಲದ ಫಾರ್ವರ್ಡ್‌ಗಳು ಹೇಳದೆ ಬಿಡುವ ಸಂಗತಿಗಳು

ಮಳೆಗಾಲ ಶುರುವಾಗುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ‘ಡ್ಯಾಂ ಒಡೆದಿದೆ, ಎಲ್ಲರೂ ಓಡಿ’ ಎಂಬ ಆಡಿಯೋ. ಇದನ್ನು ಮುಂದೆ ಕಳಿಸುವ ಮೊದಲು ಜಿಲ್ಲಾ ತುರ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ ಕೇಳಿ. ಇನ್ನೊಂದು, ತುರ್ತು ಚೀಲದಲ್ಲಿ ಇಡಬೇಕಾದ ವಸ್ತುಗಳ ಉದ್ದನೆಯ ಪಟ್ಟಿ. ಅದು ಸುಳ್ಳೇನಲ್ಲ. ಆದರೆ ಡಬ್ಬಿ ಆಹಾರ, ಡಬ್ಬಿ ತೆರೆಯುವ ಸಾಧನ, ಮಲಗುವ ಚೀಲ ಎಂದು ಓದುವಾಗಲೇ ಅದು ಬೇರೆ ದೇಶದ ಪಟ್ಟಿ ಎಂದು ಗೊತ್ತಾಗುತ್ತದೆ. ಮನೆ ಬಿಟ್ಟು ಯಾವಾಗ ಹೊರಡಬೇಕು ಎಂಬ ಮುಖ್ಯ ಪ್ರಶ್ನೆಗೆ ಅದರಲ್ಲಿ ಉತ್ತರವಿರುವುದಿಲ್ಲ.

‘ನಮ್ಮ ಊರಲ್ಲಿ ಮಳೆಯೇ ಇಲ್ಲವಲ್ಲ!’

2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಮುಳುಗಿದ್ದನ್ನು ನೆನಪಿಸಿಕೊಳ್ಳಿ. ಕೃಷ್ಣಾ ತೀರದ ಊರುಗಳಿಗೆ ಪ್ರವಾಹ ಬರಲು ಅಲ್ಲೇ ಮಳೆ ಸುರಿಯಬೇಕೆಂದಿಲ್ಲ. ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ ಮಳೆ ಜೋರಾಗಿ, ಕೊಯ್ನಾದಂಥ ಜಲಾಶಯಗಳಿಂದ ನೀರು ಬಿಟ್ಟರೆ ಸಾಕು. ಹಾಗಾಗಿ ಅಲ್ಲಿನವರು ಆಕಾಶ ನೋಡುತ್ತಾ ಕೂರದೆ ಹೊಳೆಯ ಮಟ್ಟ ಮತ್ತು ನೀರು ಬಿಡುವ ಪ್ರಕಟಣೆ ಎರಡನ್ನೂ ಗಮನಿಸಬೇಕು. ನೀರು ಅಷ್ಟು ದೂರದಿಂದ ಬರುವುದರಿಂದ ಸ್ವಲ್ಪ ಕಾಲಾವಕಾಶ ಸಿಗುತ್ತದೆ. ಆ ಹೊತ್ತನ್ನು ‘ಇನ್ನೂ ಅಂಗಳಕ್ಕೆ ಬಂದಿಲ್ಲ’ ಎಂದು ಕಳೆಯುವುದೇ ಅಪಾಯ, ಏಕೆಂದರೆ ಅಂಗಳಕ್ಕಿಂತ ಮೊದಲು ಮುಳುಗುವುದು ಊರಿನಿಂದ ಹೊರಗೆ ಹೋಗುವ ತಗ್ಗಿನ ಸೇತುವೆ. ಅದು ಮುಳುಗುವ ಮುಂಚೆ ಹೊರಡಬೇಕೆಂದು ಮನೆಯವರೆಲ್ಲ ಈಗಲೇ ಮಾತಾಡಿಕೊಳ್ಳಿ.

ದನಕರುಗಳಿಗಾಗಿ ಊರಲ್ಲೇ ಉಳಿಯುವವರೂ ಇದ್ದಾರೆ. ಅವನ್ನು ಒಂದು ದಿನ ಮೊದಲೇ ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋಗುವುದು ಒಳ್ಳೆಯದು. ಅದಕ್ಕೂ ಸಮಯವಿಲ್ಲದಿದ್ದರೆ ಹಗ್ಗ ಬಿಚ್ಚಿಬಿಡಿ. ಕಟ್ಟಿದ ಎಮ್ಮೆಗೆ ಈಜು ಬಂದರೂ ಪ್ರಯೋಜನವಿಲ್ಲ.

ಗುಡ್ಡದ ಬುಡದಲ್ಲಿರುವವರಿಗೆ ಇಷ್ಟು ಸಮಯ ಸಿಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2024ರ ಜುಲೈ 30ರಂದು ವಯನಾಡಿನಲ್ಲಿ ಕುಸಿತವಾದಾಗ ಜನ ಮಲಗಿದ್ದರು. ನೆಲದಲ್ಲಿ ಅಥವಾ ಗೋಡೆಯಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ತೊರೆಯ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು ಇಲ್ಲವೇ ಕಡಿಮೆಯಾಗುವುದು ಕಂಡರೆ ಅಪ್ಪಣೆಗೆ ಕಾಯಬೇಡಿ, ಕೂಡಲೇ ಆ ಜಾಗ ಬಿಡಿ. ಎಡೆಬಿಡದ ಮಳೆಯ ದಿನ ಕತ್ತಲಾಗುವ ಮೊದಲೇ ನೆಂಟರ ಮನೆಗೋ ಕಾಳಜಿ ಕೇಂದ್ರಕ್ಕೋ ಹೋಗುವುದು ಜಾಣತನ.

ಚೀಲದಲ್ಲಿ ಏನೇನು?

ಮೊದಲು ಔಷಧಿ. ಕಾಳಜಿ ಕೇಂದ್ರದಲ್ಲಿ ವೈದ್ಯರು ‘ಯಾವ ಮಾತ್ರೆ ತಗೋತೀರಿ?’ ಎಂದು ಕೇಳಿದಾಗ ‘ಬಿಪಿದು, ಬಿಳೀದು’ ಎಂದರೆ ಅವರಿಗೂ ಕಷ್ಟ. ಹೆಸರು ಕಾಣುವ ಸ್ಟ್ರಿಪ್ ಸಮೇತ ಒಂದು ವಾರದ ಮಾತ್ರೆ ಮತ್ತು ಹಳೆಯ ಚೀಟಿ ಇಡಿ. ಕರೆಂಟ್ ಹೋಗಿ ಫ್ರಿಜ್ ನಿಂತರೆ ಇನ್ಸುಲಿನ್ ತಕ್ಷಣ ಕೆಡುತ್ತದೆ ಎಂಬ ಭಯ ಬೇಡ. ಬಳಸುತ್ತಿರುವ ಬಾಟಲಿ ಬಿಸಿಲು, ಸೆಕೆ ತಾಗದಿದ್ದರೆ ಸಾಮಾನ್ಯವಾಗಿ ನಾಲ್ಕು ವಾರ ಹೊರಗಿರಬಹುದು. ಅದನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಇಡುವುದೇ ತಪ್ಪು, ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗಕ್ಕೆ ಬರುವುದಿಲ್ಲ.

ನಂತರ ಕಾಗದಪತ್ರ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ, ಮಕ್ಕಳ ಅಂಕಪಟ್ಟಿ ಎಲ್ಲವನ್ನೂ ನೀರು ಹೋಗದ ಕವರಿನಲ್ಲಿ ಒಟ್ಟಿಗೆ ಹಾಕಿ. ಪರಿಹಾರಕ್ಕೆ ಅರ್ಜಿ ಹಾಕುವಾಗ ಇವನ್ನೇ ಕೇಳುತ್ತಾರೆ. ಡಿಜಿಲಾಕರ್‌ನಲ್ಲಿ ಇಲಾಖೆಯೇ ನೀಡಿರುವ ದಾಖಲೆಗೆ ಮೂಲಪತ್ರದಷ್ಟೇ ಮಾನ್ಯತೆ ಇದೆ. ನೀವೇ ಫೋಟೊ ತೆಗೆದು ಹಾಕಿದ್ದಕ್ಕೆ ಆ ಮಾನ್ಯತೆ ಇಲ್ಲ.

ನೀರು ತಲೆಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಬೇಕು. ಅಷ್ಟು ಭಾರ ಹೊತ್ತು ನಡೆಯಲಾಗದು, ಒಂದು ದಿನದ್ದಾದರೂ ಇರಲಿ. ‘ಆಲಂ ಹಾಕಿದರೆ ಪ್ರವಾಹದ ನೀರೂ ಶುದ್ಧ’ ಎಂಬ ಫಾರ್ವರ್ಡ್ ಅರ್ಧ ಸತ್ಯ. ಆಲಂನಿಂದ ಕೆಸರು ತಳಕ್ಕೆ ಕೂರುತ್ತದೆ, ರೋಗಾಣು ಸಾಯುವುದಿಲ್ಲ. ತಿಳಿಯಾದ ನೀರನ್ನು ಕೊತಕೊತ ಕುದಿಯಲು ಬಿಟ್ಟು, ಆಮೇಲೂ ಒಂದು ನಿಮಿಷ ಕುದಿಸಬೇಕು. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಬೆಲ್ಲ ಸಾಕು. ಉಳಿದದ್ದು ನಿಮಗೆ ಗೊತ್ತಿರುವುದೇ: ಟಾರ್ಚ್, ಪವರ್ ಬ್ಯಾಂಕ್, ಚಿಲ್ಲರೆ ನೋಟು, ಒಂದು ಜೊತೆ ಬಟ್ಟೆ, ಹೊದಿಕೆ, ಸ್ಯಾನಿಟರಿ ಪ್ಯಾಡ್.

ಎರಡು ಫೋನ್ ನಂಬರ್‌ಗಳನ್ನು ಕಾಗದದ ಮೇಲೆ ಬರೆದು ಮಕ್ಕಳ ಜೇಬಿಗೆ ಹಾಕಿ. ಅದರಲ್ಲಿ ಒಂದು ಬೇರೆ ಜಿಲ್ಲೆಯ ನೆಂಟರದ್ದಾಗಿರಲಿ. ಚದುರಿಹೋದವರೆಲ್ಲ ಅವರಿಗೇ ಸುದ್ದಿ ಮುಟ್ಟಿಸಲಿ. ನೆಟ್‌ವರ್ಕ್ ದಟ್ಟಣೆಯಲ್ಲಿ ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗುವ ಸಾಧ್ಯತೆ ಹೆಚ್ಚು. ನಡೆಯಲಾಗದ ಅಜ್ಜಿಯನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬುದೂ ಮೊದಲೇ ಗೊತ್ತಿರಲಿ.

ಹೊರಡುವಾಗ ಮತ್ತು ವಾಪಸಾದಾಗ

ಮೇನ್ ಸ್ವಿಚ್ ಆಫ್ ಮಾಡಿ, ಸಿಲಿಂಡರ್‌ನ ರೆಗ್ಯುಲೇಟರ್ ಬಂದ್ ಮಾಡಿ. ನೀವು ನೀರಲ್ಲಿ ನಿಂತಿದ್ದರೆ ಮಾತ್ರ ಸ್ವಿಚ್ ಮುಟ್ಟಲೇಬೇಡಿ. ‘ಮೊಣಕಾಲುದ್ದದ ನೀರಲ್ಲಿ ಕಾರು ಆರಾಮಾಗಿ ದಾಟುತ್ತೆ’ ಎನ್ನುವವರ ಮಾತು ಕೇಳಬೇಡಿ. ರಭಸದ ನೀರು 15 ಸೆಂ.ಮೀ. ಇದ್ದರೇ ದೊಡ್ಡವರು ಆಯತಪ್ಪಿ ಬೀಳಬಹುದು. 30 ಸೆಂ.ಮೀ. ನೀರಿಗೆ ಸಣ್ಣ ಕಾರು ತೇಲತೊಡಗಬಹುದು. ಯಾರಾದರೂ ಸಿಕ್ಕಿಕೊಂಡಿದ್ದರೆ 112ಕ್ಕೆ ಕರೆ ಮಾಡಿ.

ನೀರಿಳಿದ ಮೇಲೆ ಮನೆಗೆ ಮೊದಲು ಹೋಗುವವರು ಬೂಟು ಹಾಕಿಕೊಂಡು, ಕೋಲು ಹಿಡಿದು ಹೋಗಿ. ಅಟ್ಟದಲ್ಲೋ ಸೌದೆ ರಾಶಿಯಲ್ಲೋ ಹಾವು ಸೇರಿಕೊಂಡಿರಬಹುದು. ಒದ್ದೆಯಾದ ವೈರಿಂಗನ್ನು ಎಲೆಕ್ಟ್ರಿಷಿಯನ್ ನೋಡುವವರೆಗೂ ಮೇನ್ ಸ್ವಿಚ್ ಹಾಕಬೇಡಿ.